ಬೆಸ ಮನೆಗೆ ಭಾನುವಾರದ ನೀರು

2007ರ ಏಪ್ರಿಲ್ 1ರಂದು ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಒಂದು ನಿಯಮ ಜಾರಿಗೆ ಬಂತು. ಮನೆಯ ಸಂಖ್ಯೆ ಸಮವಾಗಿದ್ದರೆ ಶನಿವಾರ ಮತ್ತು ಮಂಗಳವಾರ, ಬೆಸವಾಗಿದ್ದರೆ ಭಾನುವಾರ ಮತ್ತು ಬುಧವಾರ, ಬೆಳಿಗ್ಗೆ ಆರರಿಂದ ಎಂಟರವರೆಗೆ ಮಾತ್ರ ಕೈತೋಟಕ್ಕೆ ಪೈಪಿನಲ್ಲಿ ನೀರು ಬಿಡಬಹುದು. ಆ ಪೈಪನ್ನೂ ಕೈಯಲ್ಲೇ ಹಿಡಿದಿರಬೇಕು, ಅದರ ತುದಿಗೆ ಬೆರಳು ತೆಗೆದೊಡನೆ ನೀರು ನಿಲ್ಲಿಸುವ ಮೂತಿ ಇರಬೇಕು. ಹುಲ್ಲುಹಾಸಿಗೆ ಒಂದು ಹನಿಯೂ ಇಲ್ಲ. ಕಾರನ್ನು ಮನೆ ಮುಂದೆ ತೊಳೆಯುವಂತಿಲ್ಲ. ಗಾಜು, ಕನ್ನಡಿ, ದೀಪಗಳನ್ನು ಬಕೆಟ್ ನೀರಿನಿಂದ ಒರೆಸಿಕೊಳ್ಳಬಹುದು, ಅಷ್ಟೆ. ಅಂಗಳದ ಕಾಂಕ್ರೀಟಿಗೆ ನೀರು ಹೊಡೆಯುವಂತಿಲ್ಲ. ಆಟದ ಮೈದಾನಗಳಲ್ಲಿ ನಾಲ್ಕಕ್ಕೆ ಒಂದಕ್ಕೆ ಮಾತ್ರ ನೀರು. ಸರ್ಕಾರಿ ಭಾಷೆಯಲ್ಲಿ ಇದರ ಹೆಸರು 'ಹಂತ 3ಎ'. ಮೂರು ದಿನವಲ್ಲ, ಮೂರು ತಿಂಗಳಲ್ಲ, ಪೂರಾ ಮೂರು ವರ್ಷ ಈ ನಿಯಮ ನಡೆಯಿತು.

ಕರ್ನಾಟಕದ ಓದುಗರಿಗೆ ಇದರಲ್ಲಿ ಮೊದಲು ಕಾಣುವುದು ವಿಚಿತ್ರವೇ. ನಮ್ಮ ಊರುಗಳಲ್ಲಿ ನೀರಿಗೆ ಬರ ಬಂದರೆ ನಲ್ಲಿಯೇ ನಿಂತುಹೋಗುತ್ತದೆ. ದಿನ ಬಿಟ್ಟು ದಿನ, ಮೂರು ದಿನಕ್ಕೊಮ್ಮೆ, ವಾರಕ್ಕೊಮ್ಮೆ. ಯಾರಿಗೆ ಎಷ್ಟು ಎಂಬುದನ್ನು ವಾಲ್ವ್ ತಿರುಗಿಸುವವನ ಕೈ ತೀರ್ಮಾನಿಸುತ್ತದೆ. ಉಳಿದದ್ದನ್ನು ಯಾರ ಮನೆಯ ಸಂಪು ಎಷ್ಟು ದೊಡ್ಡದು, ಯಾರ ಮೋಟಾರು ಎಷ್ಟು ಜೋರು ಎಂಬುದು ತೀರ್ಮಾನಿಸುತ್ತದೆ. ಮೆಲ್ಬರ್ನ್‌ನಲ್ಲಿ ಆ ಮೂರು ವರ್ಷ ಒಂದು ದಿನವೂ ಬರದ ಹೆಸರಿನಲ್ಲಿ ನಲ್ಲಿ ನಿಲ್ಲಲಿಲ್ಲ. ರಾತ್ರಿ ಎರಡು ಗಂಟೆಗೆ ತಿರುಗಿಸಿದರೂ ನೀರು ಬರುತ್ತಿತ್ತು. ಬರುತ್ತಿದ್ದ ನೀರನ್ನು ಜನ ಬಳಸದೆ ಬಿಟ್ಟರು. ಸುಮಾರು ನಲವತ್ತು ಲಕ್ಷ ಜನರ ನಗರವೊಂದು ಹೀಗೆ ನಡೆದುಕೊಂಡದ್ದು ಹೇಗೆ, ಅದರಿಂದ ಏನು ಉಳಿಯಿತು, ಏನು ಉಳಿಯಲಿಲ್ಲ ಎಂಬುದು ಈ ಬರಹದ ವಿಷಯ. ನಾನು ಓದಿದ್ದು ಬಿ.ಕಾಂ., ಆಮೇಲೆ ಸಿ.ಎ. ಆದ್ದರಿಂದ ನೀರನ್ನೂ ಆರಂಭದ ಶಿಲ್ಕು, ಜಮಾ, ಖರ್ಚು, ಅಂತಿಮ ಶಿಲ್ಕು ಎಂದೇ ನೋಡುವ ಅಭ್ಯಾಸ. ಈ ಕಥೆಗೆ ಆ ಕನ್ನಡಕ ಚೆನ್ನಾಗಿಯೇ ಹೊಂದುತ್ತದೆ.

ಮೊದಲು ಆರಂಭದ ಶಿಲ್ಕು. ಮೆಲ್ಬರ್ನ್ ನಗರ ಹುಟ್ಟಿದ್ದು 1835ರಲ್ಲಿ. ಯಾರಾ ನದಿಯ ಕೊಳಕು ನೀರನ್ನು ಬಂಡಿಗಳಲ್ಲಿ ಕೊಳ್ಳುತ್ತಿದ್ದ ಜನಕ್ಕೆ 1857ರ ಕೊನೆಯ ದಿನ ಯಾನ್ ಯೀನ್ ಜಲಾಶಯದಿಂದ ಕೊಳಾಯಿ ನೀರು ಬಂತು. ಬೆಂಗಳೂರಿಗೆ ಹೆಸರಘಟ್ಟದ ನೀರು ಬರುವುದಕ್ಕೆ ಸುಮಾರು ನಲವತ್ತು ವರ್ಷ ಮೊದಲು. ಆಮೇಲೆ ನಗರ ಬೆಳೆದಂತೆಲ್ಲ ಪೂರ್ವದ ಬೆಟ್ಟಗಳಲ್ಲಿ ಒಂದೊಂದೇ ಅಣೆಕಟ್ಟು ಎದ್ದಿತು. ಬೆಟ್ಟದ ಕಾಡಿಗೆ ಜನ, ದನ ಹೋಗದಂತೆ ಬೇಲಿ ಹಾಕಿ, ಅಲ್ಲಿ ಬಿದ್ದ ಮಳೆಯನ್ನು ಹೆಚ್ಚು ಶುದ್ಧೀಕರಣವಿಲ್ಲದೆಯೇ ಕುಡಿಯುವುದು ಈ ನಗರದ ಹೆಮ್ಮೆ. 1967–68ರ ಬರ ಮತ್ತು 1982–83ರ ಬರ ಎರಡರಲ್ಲೂ ನೀರಿಗೆ ನಿರ್ಬಂಧ ಹಾಕಬೇಕಾಯಿತು. ಎರಡನೆಯದರಲ್ಲಂತೂ 1983ರ ಫೆಬ್ರುವರಿ 8ರಂದು ಒಳನಾಡಿನ ಒಣ ಹೊಲಗಳ ಕೆಂಪು ಮಣ್ಣು ಗೋಡೆಯಂತೆ ಎದ್ದು ಬಂದು ನಡುಹಗಲಿನಲ್ಲಿ ನಗರವನ್ನು ಕತ್ತಲು ಮಾಡಿತು.

ಮೊದಲನೆಯ ಬರದ ಅವಮಾನ ಮರುಕಳಿಸಬಾರದೆಂದು ಕಟ್ಟಿದ ಅಣೆಕಟ್ಟು ಥಾಮ್ಸನ್. 1980ರ ದಶಕದ ಮೊದಲ ಭಾಗದಲ್ಲಿ ಮುಗಿದ ಅದರ ಸಾಮರ್ಥ್ಯ 1068 ಶತಕೋಟಿ ಲೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 38 ಟಿಎಂಸಿ. ಕನ್ನಂಬಾಡಿಯ ಮುಕ್ಕಾಲು ಭಾಗ. ನಗರದ ಎಲ್ಲ ಜಲಾಶಯಗಳ ಒಟ್ಟು ಸಾಮರ್ಥ್ಯ 1812 ಶತಕೋಟಿ ಲೀಟರ್, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಥಾಮ್ಸನ್ ಒಂದರಲ್ಲೇ. ಇನ್ನು ಮೆಲ್ಬರ್ನ್‌ಗೆ ಬರದ ಭಯವಿಲ್ಲ ಎಂದು ಎಂಜಿನಿಯರುಗಳೂ ರಾಜಕಾರಣಿಗಳೂ ನಂಬಿದರು. 1996ರ ಕೊನೆಯಲ್ಲಿ ಜಲಾಶಯಗಳು ಬಹುತೇಕ ತುಂಬಿದ್ದವು. ದೊಡ್ಡ ಇಡುಗಂಟು ಬ್ಯಾಂಕಿನಲ್ಲಿದ್ದರೆ ಮನೆಯವರು ಹೇಗಿರುತ್ತಾರೋ ಹಾಗೆ ನಗರ ನಿಶ್ಚಿಂತೆಯಾಗಿತ್ತು.

ಆಮೇಲೆ ಜಮಾ ನಿಂತಿತು. 1997ರಿಂದ 2009ರವರೆಗೆ ಆಗ್ನೇಯ ಆಸ್ಟ್ರೇಲಿಯಾವನ್ನು ಕಾಡಿದ ಬರಕ್ಕೆ ಇಲ್ಲಿಯವರು 'ಸಹಸ್ರಮಾನದ ಬರ' ಎಂದು ಹೆಸರಿಟ್ಟರು. ಇದರ ಸ್ವಭಾವವೇ ಬೇರೆ. ಒಂದು ವರ್ಷ ಮಳೆ ಪೂರ್ತಿ ಕೈಕೊಡುವ ಬರವಲ್ಲ. ಪ್ರತಿವರ್ಷವೂ ಸ್ವಲ್ಪ ಸ್ವಲ್ಪ ಕಡಿಮೆ. ಮಳೆ ಸ್ವಲ್ಪ ತಗ್ಗಿದರೆ ಹೊಳೆಗೆ ಬರುವ ನೀರು ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ತಗ್ಗುತ್ತದೆ, ಏಕೆಂದರೆ ಒಣಗಿದ ನೆಲ ಮತ್ತು ಕಾಡು ಮೊದಲು ತಮ್ಮ ಪಾಲು ಕುಡಿಯುತ್ತವೆ. ಮಿಕ್ಕದ್ದು ಮಾತ್ರ ಹೊಳೆಗೆ. ಜಲಾಶಯಗಳಿಗೆ ಒಳಹರಿವು ಅಳೆಯಲು ಆರಂಭಿಸಿದ ಮೇಲೆ ಅತಿ ಕಡಿಮೆ ನೀರು ಬಂದದ್ದು 2006ರಲ್ಲಿ. ದೊಡ್ಡ ಇಡುಗಂಟು ಇದ್ದುದರಿಂದಲೇ ಮೊದಲ ಐದಾರು ವರ್ಷ ಯಾರಿಗೂ ಬರ ಬಂದದ್ದು ಅನಿಸಲಿಲ್ಲ. ಥಾಮ್ಸನ್ ಅಣೆಕಟ್ಟು ನಗರವನ್ನು ಕಾಪಾಡಿದ್ದು ನಿಜ, ಎಚ್ಚರವಾಗದಂತೆ ಮಲಗಿಸಿದ್ದೂ ನಿಜ.

ನಿರ್ಬಂಧಗಳು ಮೆಟ್ಟಿಲು ಮೆಟ್ಟಿಲಾಗಿ ಬಂದವು. 2002ರ ನವೆಂಬರ್‌ನಲ್ಲಿ ಹಂತ 1, 2003ರ ಆಗಸ್ಟ್‌ನಲ್ಲಿ ಹಂತ 2. 2005ರ ಮಾರ್ಚ್‌ನಲ್ಲಿ ಸ್ವಲ್ಪ ಉಸಿರಾಡುವಂತಾದಾಗ ನಿರ್ಬಂಧ ತೆಗೆದು, ಅದರ ಜಾಗದಲ್ಲಿ ಕೆಲವು 'ಶಾಶ್ವತ ಉಳಿತಾಯ ನಿಯಮ'ಗಳನ್ನು ಇಟ್ಟರು. ಮರುವರ್ಷ ಆಕಾಶ ಮುಚ್ಚಿಕೊಂಡಿತು. 2006ರ ಸೆಪ್ಟೆಂಬರ್ 1ಕ್ಕೆ ಮತ್ತೆ ಹಂತ 1, ನವೆಂಬರ್ 1ಕ್ಕೆ ಹಂತ 2, 2007ರ ಜನವರಿ 1ಕ್ಕೆ ಹಂತ 3, ಏಪ್ರಿಲ್ 1ಕ್ಕೆ ನಾನು ಮೊದಲು ಹೇಳಿದ 3ಎ. ಏಳು ತಿಂಗಳಲ್ಲಿ ನಾಲ್ಕು ಮೆಟ್ಟಿಲು. ಮುಖ್ಯವಾದ ಮಾತೆಂದರೆ, ಈ ಮೆಟ್ಟಿಲುಗಳನ್ನು ಬರ ಬಂದ ಮೇಲೆ ಗಾಬರಿಯಲ್ಲಿ ಕಟ್ಟಿದ್ದಲ್ಲ. ಜಲಾಶಯ ಇಷ್ಟಕ್ಕೆ ಇಳಿದರೆ ಈ ಹಂತ, ಆ ಹಂತದಲ್ಲಿ ಇಂಥದ್ದು ಕೂಡದು ಎಂಬ ಪಟ್ಟಿ ಮೊದಲೇ ಅಚ್ಚಾಗಿತ್ತು. ಜಲಾಶಯದ ಮಟ್ಟ ಎಷ್ಟೆಂದು ಟಿವಿಯ ಹವಾಮಾನ ವರದಿಯಲ್ಲಿ, ಪತ್ರಿಕೆಯಲ್ಲಿ ಬರುತ್ತಿತ್ತು. ಕ್ರಿಕೆಟ್ ಸ್ಕೋರ್ ಕೇಳುವಂತೆ ಜನ ಶೇಕಡಾ ಎಷ್ಟಾಯಿತು ಎಂದು ಕೇಳುತ್ತಿದ್ದರು. ಖಾತೆಯ ಪುಸ್ತಕ ಎಲ್ಲರೆದುರು ತೆರೆದಿತ್ತು.

ನಾನು ಈ ನಗರಕ್ಕೆ ಬಂದದ್ದು 2008ರಲ್ಲಿ. ಬಾಡಿಗೆಗೆ ಸಿಕ್ಕಿದ ಮನೆಯ ಸಂಖ್ಯೆ ಬೆಸ. ಮುಂದಿನ ವರ್ಷ ಚಳ್ಳಕೆರೆಯಿಂದ ಬಂದ ಅಮ್ಮ ಮೊದಲ ದಿನವೇ ಕೇಳಿದ್ದು, "ಇಲ್ಲಿ ನೀರು ಬಿಡೋ ದಿನ ಯಾವುದು?" ದಿನವೂ ಬರುತ್ತದೆ, ಆದರೆ ಗಿಡಕ್ಕೆ ಪೈಪಿನಲ್ಲಿ ಬಿಡುವುದು ಭಾನುವಾರ ಮತ್ತು ಬುಧವಾರ ಮಾತ್ರ ಎಂದು ವಿವರಿಸಿದೆ. ಅವರಿಗೆ ಅರ್ಥವಾಗಲಿಲ್ಲ. ನೀರು ಬರುವಾಗ ತುಂಬಿಕೊಳ್ಳಬೇಕು, ಬರದಿದ್ದಾಗ ಸುಮ್ಮನಿರಬೇಕು. ಬರುತ್ತಿರುವಾಗ ಸುಮ್ಮನಿರುವುದೆಂದರೆ ಏನು? ಬೆಳಿಗ್ಗೆ ಎದ್ದು ಬಾಗಿಲ ಮುಂದೆ ನೀರು ಚಿಮುಕಿಸಿ ರಂಗೋಲಿ ಹಾಕುವ ಅವರ ಅಭ್ಯಾಸಕ್ಕೆ ನಾವಿಬ್ಬರೂ ಸೇರಿ ಕಂಡುಕೊಂಡ ಪರಿಹಾರ, ಒದ್ದೆ ಬಟ್ಟೆಯಲ್ಲಿ ಒಂದು ಮೊಳ ನೆಲ ಒರೆಸುವುದು. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಗಿಡಕ್ಕೆ ಹೋಗಬೇಕೆಂಬುದನ್ನು ಮಾತ್ರ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಬೀದಿಯ ಆಸ್ಟ್ರೇಲಿಯನ್ನರು ಸ್ನಾನದ ಮನೆಯಲ್ಲಿ ಬಕೆಟ್ ಇಟ್ಟು, ಬಿಸಿನೀರು ಬರುವವರೆಗಿನ ತಣ್ಣೀರು ಹಿಡಿದು ಗುಲಾಬಿಗೆ ಹಾಕುವುದನ್ನು ಹೊಸದಾಗಿ ಕಲಿಯುತ್ತಿದ್ದರು.

ಮನೆಬಳಕೆಯ ನೀರಿನಲ್ಲಿ ತೋಟಕ್ಕೆ ಹೋಗುವುದು ಸುಮಾರು ಕಾಲುಭಾಗ. ಉಳಿದ ಮುಕ್ಕಾಲು ಸ್ನಾನ, ಬಟ್ಟೆ, ಶೌಚ, ಅಡುಗೆಗೆ. ಹಾಗಿದ್ದರೂ ನಿಯಮಗಳೆಲ್ಲ ಹೊರಗಿನ ನೀರಿನ ಮೇಲೆಯೇ ಏಕೆ? ಒಂದು ಕಾರಣ, ತೋಟದ ನೀರು ಬೇಸಿಗೆಯಲ್ಲಿ ಒಮ್ಮೆಲೇ ಏರುವಂಥದ್ದು, ಕಡಿತ ಮಾಡಿದರೆ ಯಾರ ಆರೋಗ್ಯಕ್ಕೂ ತೊಂದರೆಯಿಲ್ಲ. ಇನ್ನೊಂದು ಕಾರಣ ಸರಳ: ಹೊರಗಿನ ನೀರು ಬೀದಿಗೆ ಕಾಣುತ್ತದೆ. ಬಚ್ಚಲ ಮನೆಗೆ ಇನ್ಸ್‌ಪೆಕ್ಟರನ್ನು ಕಳಿಸಲಾಗದು. ಮನೆ ಮುಂದಿನ ಹುಲ್ಲು ಹಸಿರಾಗಿದ್ದರೆ ಮಾತ್ರ ಅದು ಬೀದಿಯವರಿಗೆಲ್ಲ ಓದಲು ಬರುವ ಬ್ಯಾಲೆನ್ಸ್ ಶೀಟ್. ಬ್ರಿಟಿಷರು ತಮ್ಮ ಮಳೆನಾಡಿನಿಂದ ಹೊತ್ತು ತಂದ ಹಸಿರು ಹುಲ್ಲುಹಾಸು ನೂರೈವತ್ತು ವರ್ಷ ಇಲ್ಲಿ ಮರ್ಯಾದಸ್ಥ ಮನೆಯ ಗುರುತಾಗಿತ್ತು. ಬರದ ಕಾಲದಲ್ಲಿ ಅದು ತಲೆಕೆಳಗಾಯಿತು. ಒಣಗಿದ ಕಂದು ಹುಲ್ಲೇ ಮರ್ಯಾದೆ, ಹಸಿರು ಹುಲ್ಲು ಅನುಮಾನ. ಮಳೆನೀರಿನ ತೊಟ್ಟಿ ಇಟ್ಟುಕೊಂಡವರು, ಕೊಳವೆಬಾವಿ ಇದ್ದವರು 'ಇಲ್ಲಿ ತೊಟ್ಟಿಯ ನೀರು ಬಳಸಲಾಗುತ್ತಿದೆ' ಎಂಬ ಫಲಕವನ್ನು ತೋಟದಲ್ಲಿ ನೆಟ್ಟರು. ಅದು ಕಾನೂನಿಗಿಂತ ಹೆಚ್ಚಾಗಿ ನೆರೆಯವರಿಗೆ ಕೊಟ್ಟ ಲೆಕ್ಕ.

ಈ ನೆರೆಯವರ ಕಣ್ಣು ಒಳ್ಳೆಯದೇ ಎಂದು ಮಾತ್ರ ಹೇಳಿ ಮುಂದೆ ಹೋಗುವಂತಿಲ್ಲ. ಫೋನ್ ಮಾಡಿ ದೂರು ಕೊಡುವ ವ್ಯವಸ್ಥೆಯಿತ್ತು, ಜನ ಅದನ್ನು ಬಳಸಿದರು. ನಿಯಮ ಮುರಿದವರಿಗೆ ಮೊದಲು ಎಚ್ಚರಿಕೆ, ಮತ್ತೆ ಮುರಿದರೆ ದಂಡ. ಬೀದಿಗಳಲ್ಲಿ ಒಂದು ಬಗೆಯ ಕಾವಲಿನ ಮನೋಭಾವ ಬೆಳೆಯಿತು. ಹೆಚ್ಚುಕಡಿಮೆ ಇಂಥದ್ದೇ ನಿಯಮಗಳಿದ್ದ ಸಿಡ್ನಿಯಲ್ಲಿ 2007ರಲ್ಲಿ ತನ್ನ ಹುಲ್ಲಿಗೆ ನೀರು ಹಾಕುತ್ತಿದ್ದ ಹಿರಿಯರೊಬ್ಬರ ಮೇಲೆ ದಾರಿಹೋಕನೊಬ್ಬ ಜಗಳ ತೆಗೆದು ಕೈಮಾಡಿದ, ಅವರು ತೀರಿಕೊಂಡರು. ಅವರು ನೀರು ಹಾಕುತ್ತಿದ್ದದ್ದು ನಿಯಮ ಒಪ್ಪಿದ ಹೊತ್ತಿನಲ್ಲಿಯೇ. ಎಲ್ಲರೂ ಎಲ್ಲರನ್ನೂ ನೋಡುತ್ತಿರುವಾಗ ನಿಯಮವನ್ನು ಪೂರ್ತಿ ಓದದವನ ಕಣ್ಣೂ ಅದರಲ್ಲಿ ಸೇರಿರುತ್ತದೆ. ಬರದ ಲೆಕ್ಕದಲ್ಲಿ ಈ ಸಾವನ್ನೂ ಬರೆದುಕೊಳ್ಳಬೇಕು.

ಮೆಟ್ಟಿಲುಗಳ ಪಟ್ಟಿಯಲ್ಲಿ ಕೊನೆಯದು ಹಂತ 4. ಅಲ್ಲಿ ಹೊರಗೆ ನೀರು ಹಾಯಿಸುವುದೇ ಪೂರ್ತಿ ನಿಷೇಧ. ಜಲಾಶಯದ ಮಟ್ಟ ಆ ಗೆರೆಗೆ ಇಳಿದರೂ ವಿಕ್ಟೋರಿಯಾ ಸರ್ಕಾರ ಆ ಮೆಟ್ಟಿಲು ಇಳಿಯಲಿಲ್ಲ. 3ಎ ಎಂಬ ಅರ್ಧ ಮೆಟ್ಟಿಲು ಹುಟ್ಟಿದ್ದೇ ಹೀಗೆ. ಪೂರ್ತಿ ನಿಷೇಧ ಬಂದರೆ ಮರಗಳು ಸಾಯುತ್ತವೆ, ಸಸಿ ಮಾರುವವರ, ತೋಟದ ಕೆಲಸದವರ ಜೀವನ ನಿಲ್ಲುತ್ತದೆ ಎಂಬುದು ಕಾರಣ. ಅದರ ಬದಲು 2008ರ ಕೊನೆಯಲ್ಲಿ ಜಾನ್ ಬ್ರಂಬಿ ಅವರ ಸರ್ಕಾರ 'ಟಾರ್ಗೆಟ್ 155' ಎಂಬ ಗುರಿ ಮುಂದಿಟ್ಟಿತು. ತಲೆಗೆ ದಿನಕ್ಕೆ 155 ಲೀಟರ್. ಇದು ಕಾನೂನಲ್ಲ, ಮೀರಿದರೆ ದಂಡವಿಲ್ಲ. ಆದರೆ ಮನೆಗೆ ಬರುವ ನೀರಿನ ಬಿಲ್ಲಿನಲ್ಲಿ ನಿಮ್ಮ ಬಳಕೆ ದಿನಕ್ಕೆ ಎಷ್ಟು ಎಂಬ ಅಂಕಿ ಇರುತ್ತಿತ್ತು. ಮನೆಯಲ್ಲಿರುವ ತಲೆಗಳಿಂದ ಭಾಗಿಸಿದರೆ ಗುರಿ ಮುಟ್ಟಿದ್ದೇವೋ ಇಲ್ಲವೋ ತಿಳಿಯುತ್ತಿತ್ತು. ಹಳೆಯ ಶವರಿನ ಮೂತಿ ಕೊಟ್ಟರೆ ಕಡಿಮೆ ನೀರಿನ ಹೊಸ ಮೂತಿ ಉಚಿತ. ಇಂಥವು ಲಕ್ಷಾಂತರ ಬದಲಾದವು. ಸ್ನಾನದ ಸಮಯ ಅಳೆಯುವ ಪುಟ್ಟ ಮರಳುಗಡಿಯಾರಗಳು ಗೋಡೆಗೆ ಅಂಟಿಕೊಂಡವು. ತೋಟದ ನಿಯಮ ಕಲಿಸಿದ ಶಿಸ್ತು ಹೀಗೆ ಬಾಗಿಲು ದಾಟಿ ಒಳಗೆ ಬಂತು. ಅಂಗಳದಲ್ಲಿ ಬಲವಂತ, ಬಚ್ಚಲಲ್ಲಿ ಮನವಿ; ಎರಡೂ ಒಂದಕ್ಕೊಂದು ಆಸರೆ.

2009ರ ಫೆಬ್ರುವರಿ 7ರಂದು ನಗರದಲ್ಲಿ 46.4 ಡಿಗ್ರಿ ಬಿಸಿಲು ದಾಖಲಾಯಿತು. ಅದೇ ದಿನ ರಾಜ್ಯದಲ್ಲಿ ಎದ್ದ ಕಾಡ್ಗಿಚ್ಚಿಗೆ 173 ಜನ ಬಲಿಯಾದರು. ನಗರಕ್ಕೆ ನೀರು ಕೊಡುವ ಕಾಡಿನ ಒಂದು ಭಾಗವೂ ಸುಟ್ಟಿತು. ಆ ವರ್ಷದ ಜೂನ್ ಕೊನೆಗೆ ಜಲಾಶಯಗಳ ಒಟ್ಟು ಶಿಲ್ಕು ಶೇಕಡಾ 26ರ ಆಸುಪಾಸಿಗೆ ಬಂತು. ಥಾಮ್ಸನ್‌ನಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ನಲ್ಲಿ ನಿಲ್ಲಲಿಲ್ಲ. ಬರಕ್ಕೆ ಮುಂಚೆ ಮನೆಬಳಕೆ ತಲೆಗೆ ದಿನಕ್ಕೆ 240 ಲೀಟರಿಗೂ ಹೆಚ್ಚು ಇದ್ದದ್ದು, ಬರದ ಕೊನೆಗೆ 150ರ ಸುತ್ತಮುತ್ತ ಬಂದಿತ್ತು. ಜನಸಂಖ್ಯೆ ಏರುತ್ತಿದ್ದರೂ ನಗರದ ಒಟ್ಟು ಖರ್ಚು ಇಳಿಯಿತು. 2010ರಲ್ಲಿ ಮಳೆ ಮರಳಿತು. ಏಪ್ರಿಲ್‌ನಲ್ಲಿ 3ಎ ಹೋಗಿ 3 ಬಂತು, ಸೆಪ್ಟೆಂಬರ್‌ನಲ್ಲಿ 2. ಮೆಟ್ಟಿಲು ಹತ್ತುವುದು ನಿಧಾನ. ಶಾಶ್ವತ ನಿಯಮಗಳ ಹಂತಕ್ಕೆ ಮರಳುವಷ್ಟರಲ್ಲಿ 2012ರ ಡಿಸೆಂಬರ್ ಆಗಿತ್ತು.

ಇನ್ನು ಖರ್ಚಿನ ಕಡೆ ನೋಡೋಣ. ಜನ ಬೆಳಗಿನ ಚಳಿಯಲ್ಲಿ ಪೈಪು ಹಿಡಿದು ನಿಂತಿದ್ದಾಗಲೇ ಸರ್ಕಾರ ಎರಡು ದೊಡ್ಡ ಕಾಮಗಾರಿಗೆ ಕೈಹಾಕಿತು. ಒಂದು, ಉತ್ತರದ ಗೌಲ್ಬರ್ನ್ ನದಿಯಿಂದ ನಗರಕ್ಕೆ 70 ಕಿಲೋಮೀಟರ್ ಕೊಳವೆ. ಬರದಲ್ಲಿ ಬೆಂದಿದ್ದ ರೈತರು ನಮ್ಮ ನದಿಯ ನೀರು ನಗರದವರ ತೋಟಕ್ಕೇಕೆ ಎಂದು ಬೀದಿಗಿಳಿದರು; ಕಾವೇರಿ ಬಲ್ಲ ನಮಗೆ ಆ ಕೂಗು ಹೊಸದಲ್ಲ. 2010ರ ಫೆಬ್ರುವರಿಯಲ್ಲಿ ಕೊಳವೆ ಮುಗಿಯಿತು. ಅದೇ ವರ್ಷದ ಕೊನೆಯಲ್ಲಿ ಸರ್ಕಾರ ಬದಲಾಯಿತು, ಕೊಳವೆ ಸುಮ್ಮನಾಯಿತು. ಇನ್ನೊಂದು, ವಂಥಾಗಿ ಎಂಬ ಊರಿನ ಬಳಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ. ವರ್ಷಕ್ಕೆ 150 ಶತಕೋಟಿ ಲೀಟರ್ ಸಾಮರ್ಥ್ಯ. ಅದು ಮುಗಿದದ್ದು 2012ರ ಡಿಸೆಂಬರ್‌ನಲ್ಲಿ, ಅಂದರೆ ಕೊನೆಯ ನಿರ್ಬಂಧ ತೆಗೆದ ತಿಂಗಳಲ್ಲೇ. ನಗರ ಅದರಿಂದ ಮೊದಲು ನೀರು ಪಡೆದದ್ದು 2017ರಲ್ಲಿ. ಅಲ್ಲಿಯವರೆಗೆ ಹನಿ ನೀರು ತರಿಸದಿದ್ದರೂ ಘಟಕ ಸಿದ್ಧವಾಗಿಟ್ಟದ್ದಕ್ಕೆ ವರ್ಷಕ್ಕೆ 60 ಕೋಟಿ ಡಾಲರಿನ ಆಸುಪಾಸು ಕೊಡಬೇಕಿತ್ತು. ಅದು ಹಂಚಿಹೋದದ್ದು ಇದೇ ಜನರ ನೀರಿನ ಬಿಲ್ಲಿಗೆ. ಕಡಿಮೆ ಬಳಸಿದ್ದೇವೆ, ಬಿಲ್ಲು ಮಾತ್ರ ಹೆಚ್ಚಾಗಿದೆ ಎಂಬ ಗೊಣಗಾಟವನ್ನು ನಾನು ಎಷ್ಟೋ ಊಟದ ಮೇಜುಗಳಲ್ಲಿ ಕೇಳಿದ್ದೇನೆ. ವಿಮೆಯ ಕಂತನ್ನು ಮನೆಗೆ ಬೆಂಕಿ ಬೀಳದ ವರ್ಷ ದಂಡವೆನ್ನಲಾಗದು ಎಂಬ ವಾದಕ್ಕೂ ತೂಕವಿದೆ. ನಗರ ಈಗ ಐವತ್ತು ಲಕ್ಷ ದಾಟಿದೆ, ಆ ಘಟಕದ ನೀರು ಬೇಕಾಗುತ್ತಿದೆ. ಆದರೆ ಬರದ ನಡುವೆ ನಗರವನ್ನು ದಾಟಿಸಿದ್ದು ಇವೆರಡೂ ಅಲ್ಲ. ಅವು ಮುಗಿಯುವ ಹೊತ್ತಿಗೆ ಬರ ಮುಗಿದಿತ್ತು. ದಾಟಿಸಿದ್ದು ಪೈಪಿನ ಮೂತಿ, ಬಕೆಟ್ ಮತ್ತು ಸಮ-ಬೆಸದ ಪಟ್ಟಿ.

ಮರಗಳ ಲೆಕ್ಕ ಇನ್ನೂ ತೀರಿಲ್ಲ. ಮೆಲ್ಬರ್ನ್ ಉದ್ಯಾನಗಳ ಯುರೋಪಿನ ಎಲ್ಮ್ ಮರಗಳು ಆ ವರ್ಷಗಳಲ್ಲಿ ನೀರಿಲ್ಲದೆ ಸೊರಗಿದವು. ನಗರಪಾಲಿಕೆ ತನ್ನ ಸುಮಾರು 70,000 ಮರಗಳ ಸ್ಥಿತಿ ಅಳೆದು, ಹಲವನ್ನು ಕಳೆದುಕೊಳ್ಳಬೇಕಾಗುತ್ತದೆಂದು ಒಪ್ಪಿ, 2012ರಲ್ಲಿ ಹೊಸ ನಗರ-ಕಾಡಿನ ಯೋಜನೆ ಮಾಡಿತು. ಹುಲ್ಲು ಒಂದು ಮಳೆಗೆ ಚಿಗುರುತ್ತದೆ. ನೂರು ವರ್ಷದ ಮರಕ್ಕೆ ಆ ಸೌಲಭ್ಯವಿಲ್ಲ. ಹುಲ್ಲಿಗೂ ಮರಕ್ಕೂ ಒಂದೇ ನಿಷೇಧ ಹಾಕಬಾರದೆಂಬುದು ಈ ನಗರ ದುಬಾರಿ ಬೆಲೆಗೆ ಕಲಿತ ಪಾಠ.

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಕುಡಿಯುವ ನೀರು ಬಳಸಬಾರದೆಂದು ಆದೇಶ ಹೊರಡಿಸಿತು. ತಪ್ಪಿದರೆ 5000 ರೂಪಾಯಿ ದಂಡ, ಮತ್ತೆ ತಪ್ಪಿದರೆ ಅದರ ಮೇಲೆ ದಿನಕ್ಕೆ 500. ಆ ಸುದ್ದಿ ಓದಿದಾಗ ಇಲ್ಲಿನ ಕನ್ನಡಿಗರಿಗೆಲ್ಲ ಹಂತ 3ಎ ನೆನಪಾಯಿತು. ಮಾತುಗಳು ಒಂದೇ, ಆದರೆ ಆ ಮಾತುಗಳು ನಿಂತಿರುವ ನೆಲ ಬೇರೆ. ಮೆಲ್ಬರ್ನ್‌ನಲ್ಲಿ ಬಹುತೇಕ ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯುತ್ತಾರೆ, ಪ್ರತಿ ಮನೆಗೂ ಮೀಟರು. ಬೆಂಗಳೂರಿನಲ್ಲಿ ಕೆಲವರಿಗೆ ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿ, ಕೆಲವರಿಗೆ ಕೊಳವೆಬಾವಿ, ಕೆಲವರಿಗೆ ಟ್ಯಾಂಕರು. ಹೊರವಲಯದ 110 ಹಳ್ಳಿಗಳಿಗೆ ಕಾವೇರಿ ಐದನೇ ಹಂತದ ನೀರು ಹೊರಟದ್ದೇ 2024ರ ಅಕ್ಟೋಬರ್‌ನಲ್ಲಿ. ಟ್ಯಾಂಕರಿಗೆ ಸಾಲು ನಿಂತವನಿಗೆ ಕಾರು ತೊಳೆಯಬೇಡ ಎಂಬ ಆದೇಶದಿಂದ ಆಗಬೇಕಾದ್ದೇನಿಲ್ಲ. ನೆಲದಡಿಯ ನೀರು ಎತ್ತುವವನ ಖರ್ಚು ಯಾವ ಪುಸ್ತಕದಲ್ಲೂ ಬರುವುದಿಲ್ಲ.

ಇದರಲ್ಲಿ ನಮ್ಮವರಿಗೆ ಹೊರಗಿನವರು ಕಲಿಸಬೇಕಾದ್ದೂ ಹೆಚ್ಚಿಲ್ಲ. ಕೋಲಾರ, ತುಮಕೂರು ಸೀಮೆಯ ಕೆರೆಗಳಲ್ಲಿ ನೀರುಗಂಟಿ ಎಂಬುವನಿದ್ದ. ತೂಬು ತೆಗೆಯುವುದು, ಮುಚ್ಚುವುದು ಅವನ ಕೆಲಸ. ಕೆರೆಯಲ್ಲಿ ನೀರು ಕಡಿಮೆಯಿದ್ದ ವರ್ಷ ಎಲ್ಲರ ಗದ್ದೆಗೂ ಪಾಲು ತಗ್ಗುತ್ತಿತ್ತು. ಅವನ ಮಾತು ನಡೆಯುತ್ತಿದ್ದದ್ದು ಅವನ ಕೈಯಲ್ಲಿ ದಂಡದ ಪುಸ್ತಕ ಇದ್ದುದರಿಂದಲ್ಲ. ಏರಿಯ ಮೇಲೆ ನಿಂತರೆ ಕೆರೆಯಲ್ಲಿ ಎಷ್ಟು ನೀರಿದೆಯೆಂದು ಊರಿಗೆಲ್ಲ ಕಾಣುತ್ತಿದ್ದುದರಿಂದ. ಮೆಲ್ಬರ್ನ್ ಮಾಡಿದ್ದೂ ಅದನ್ನೇ. ನಲವತ್ತು ಲಕ್ಷ ಜನರನ್ನು ಏರಿಯ ಮೇಲೆ ನಿಲ್ಲಿಸಲಾಗದೆಂದು ಕೆರೆಯ ಮಟ್ಟವನ್ನೇ ಮನೆಮನೆಗೆ ತಂದು ತೋರಿಸಿತು, ಎಷ್ಟು ಇಳಿದರೆ ಏನು ಬಿಡಬೇಕೆಂದು ಮೊದಲೇ ಹೇಳಿತು. ಲೆಕ್ಕ ಕಾಣದವನಿಗೆ ನಿಷೇಧ ಬರೀ ನೋಟೀಸು.

ಶಾಶ್ವತ ನಿಯಮಗಳು ಇಲ್ಲಿ ಈಗಲೂ ಇವೆ. ಕೈಪೈಪಿಗೆ ಮೂತಿ ಇರಬೇಕು, ಸಿಂಚಕಗಳನ್ನು ಸಂಜೆ ಆರರಿಂದ ಬೆಳಿಗ್ಗೆ ಹತ್ತರೊಳಗೆ ಮಾತ್ರ ಬಿಡಬೇಕು, ಕಾಂಕ್ರೀಟಿಗೆ ನೀರು ಹೊಡೆಯಬಾರದು. ಮಳೆ ಚೆನ್ನಾಗಿ ಬಂದ ವರ್ಷವೂ ಇವು ತೆಗೆಯುವುದಿಲ್ಲ. ಬರದ ಆಮೇಲೆ ಹುಟ್ಟಿದ ಇಲ್ಲಿನ ಮಕ್ಕಳಿಗೆ ಇದು ನಿಯಮವೆಂದೇ ಗೊತ್ತಿಲ್ಲ. ಪೈಪು ಇರುವುದೇ ಹೀಗೆ ಎಂದುಕೊಂಡಿದ್ದಾರೆ.